ಮೆಣಸಿನಕಾಯಿಯನ್ನು ಕೊನೆಯ ಸಾಲಿಗೆ ತಳ್ಳಬೇಡಿ

ಓದುಗರ ಪತ್ರ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದೇನೆ. ಲಿಂಕ್ಡ್‌ಇನ್ ಖಾತೆ ತೆರೆದು 6 ತಿಂಗಳಾಯಿತು. ನೌಕರಿ ಕೇಳಿ 40 ಜನರಿಗೆ ಮೆಸೇಜ್ ಹಾಕಿದೆ. ಒಬ್ಬರೂ ಉತ್ತರ ಕೊಡಲಿಲ್ಲ. ಇದೆಲ್ಲ ಬೆಂಗಳೂರಿನವರಿಗೆ, ಇಂಗ್ಲಿಷ್ ಚೆನ್ನಾಗಿ ಬರುವವರಿಗೆ ಮಾತ್ರವೇ? — ಓದುಗರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ತಂಗಿ, ನಿಮ್ಮ ಸಿಟ್ಟು ನ್ಯಾಯವಾದದ್ದೇ. 40 ಜನರಲ್ಲಿ ಒಬ್ಬರಾದರೂ ‘ಸದ್ಯಕ್ಕೆ ಏನೂ ಇಲ್ಲಮ್ಮ’ ಅನ್ನಬಹುದಿತ್ತು. ಆದರೆ ಪತ್ರದ ಜೊತೆ ನೀವು ಕಳಿಸಿದ ಮೆಸೇಜನ್ನೂ ಓದಿದೆ. ‘ರೆಸ್ಪೆಕ್ಟೆಡ್ ಸರ್, ಐ ನೀಡ್ ಜಾಬ್, ಪ್ಲೀಸ್ ಹೆಲ್ಪ್.’ ಎಲ್ಲರಿಗೂ ಅದೇ. ಬಸ್ ಸ್ಟ್ಯಾಂಡಿನಲ್ಲಿ ಇಳಿದವರನ್ನೆಲ್ಲ ತಡೆದು ‘ನನಗೊಂದು ನೌಕರಿ ಕೊಡ್ರೀ’ ಅಂದ ಹಾಗಾಯಿತು ಅಲ್ವಾ? ಕೊಡುವ ಮನಸ್ಸಿದ್ದವರಿಗೂ ಏನು ಕೊಡಬೇಕೆಂದು ತಿಳಿಯುವುದಿಲ್ಲ.

ನಿಮ್ಮ ಪ್ರೊಫೈಲಿನ ತಲೆಸಾಲು (ಹೆಡ್‌ಲೈನ್) ನೋಡಿದೆ. ‘ಹಾರ್ಡ್‌ವರ್ಕಿಂಗ್, ಪ್ಯಾಶನೇಟ್ ಸ್ಟೂಡೆಂಟ್.’ ಅಲ್ಲಿ 220 ಅಕ್ಷರಗಳಿಗೆ ಜಾಗ ಇದೆ, ನೀವು ಅದನ್ನು ಯಾರು ಬೇಕಾದರೂ ಹೇಳಬಹುದಾದ ಮಾತಿಗೆ ಕೊಟ್ಟಿದ್ದೀರಿ. ಇನ್ನೊಂದು ಕಡೆ, ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ, ಸಂಕೋಚದಿಂದಲೋ ಏನೋ, ‘ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರದ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದೀನಿ’ ಎಂದು ಬರೆದಿದ್ದೀರಿ. ಅದನ್ನೇ ಯಾಕೆ ಮುಚ್ಚಿಟ್ಟಿರಿ? 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಕಾಯಿ ಅದು. ಖಾರ ಕಡಿಮೆ, ಬಣ್ಣ ಜಾಸ್ತಿ. ಮಸಾಲೆ ಕಂಪನಿಗಳು, ಬಣ್ಣ ತೆಗೆದು ಓಲಿಯೊರೆಸಿನ್ ಎಂಬ ಸಾರ ಮಾಡುವವರು ಅದಕ್ಕೆ ಮುಗಿಬೀಳುತ್ತಾರೆ. ದರ ಹೇಗೆ ಏರಿಳಿಯುತ್ತದೆ ಅನ್ನುವುದು ಅವರಿಗೆ ದಿನದ ತಲೆನೋವು. ಬ್ಯಾಡಗಿ ಕಾಯಿಯ ಎರಡು ಬಗೆಗಳಾದ ಡಬ್ಬಿಗೂ ಕಡ್ಡಿಗೂ ವ್ಯತ್ಯಾಸ ಗೊತ್ತಿರುವ, ಅಂಕಿಸಂಖ್ಯೆಯೂ ಬರುವ ಹುಡುಗಿಯರು ಎಷ್ಟು ಜನ ಸಿಗುತ್ತಾರೆ ಹೇಳಿ! ತಲೆಸಾಲಿನಲ್ಲಿ ಅದನ್ನೇ ಬರೆಯಿರಿ. ಒಂದು ಗ್ರಾಫ್ ಹಾಕಿ, ಕೆಳಗೆ ನಾಲ್ಕು ಸಾಲು ಬರೆಯಿರಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು. ತಪ್ಪಿದ್ದರೆ ಗೆಳತಿಯೊಬ್ಬರು ತಿದ್ದುತ್ತಾರೆ. ಮೆಣಸಿನಕಾಯಿ ವಿಷಯವನ್ನು ಗೆಳತಿ ತಂದುಕೊಡಲಾರರು.

ಇನ್ನು ಯಾರಿಗೆ ಬರೆಯಬೇಕು ಅನ್ನುವುದು. ನೌಕರಿ ಸುದ್ದಿ ತೀರಾ ಹತ್ತಿರದವರಿಂದ ಬರುವುದು ಕಡಿಮೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಹಾಸ್ಟೆಲ್ ಗೆಳತಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗವೊಂದು 2022ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹೊಸ ಕೆಲಸಕ್ಕೆ ಜಾಸ್ತಿ ನೆರವಾಗುವುದು ಆಪ್ತರೂ ಅಲ್ಲ, ಪೂರ್ತಿ ಪರಕೀಯರೂ ಅಲ್ಲ. ನಡುವೆ ಒಂದಷ್ಟು ಸಮಾನ ಪರಿಚಯಸ್ಥರು ಇರುವವರು.

ಅಂಥವರು ನಿಮಗೆ ಎಲ್ಲಿ ಸಿಗುತ್ತಾರೆ? ಲಿಂಕ್ಡ್‌ಇನ್‌ನಲ್ಲೇ ನಿಮ್ಮ ವಿಶ್ವವಿದ್ಯಾಲಯದ ಪುಟಕ್ಕೆ ಹೋಗಿ ‘ಅಲುಮ್ನೈ’ ಒತ್ತಿ. ಹಳೆಯ ವಿದ್ಯಾರ್ಥಿಗಳು ಯಾವ ಊರಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಓದಿದ್ದರು ಎಂದು ಸೋಸಿ ನೋಡಬಹುದು. 1950ರಿಂದ ಧಾರವಾಡದಲ್ಲಿರುವ ವಿಶ್ವವಿದ್ಯಾಲಯ ನಿಮ್ಮದು, ಅಲ್ಲಿ ಓದಿದವರು ಕಡಿಮೆಯೇ? 40 ಜನ ಬೇಡ, 5 ಜನರನ್ನು ಆರಿಸಿ. ದುಡ್ಡು ಕೊಡದ ಖಾತೆಗೆ ಟಿಪ್ಪಣಿ ಸಮೇತ ಸಂಪರ್ಕದ ಕೋರಿಕೆ ಕಳಿಸುವ ಅವಕಾಶ ತಿಂಗಳಿಗೆ ಬೆರಳೆಣಿಕೆಯಷ್ಟೇ, ಅದಕ್ಕೂ ಇದೇ ಸರಿ. ಹೀಗೆ ಬರೆಯಿರಿ (ಆರ್, ಎಸ್‌ಕ್ಯೂಎಲ್ ಅಂದರೆ ಅಂಕಿಸಂಖ್ಯೆಯ ಕೆಲಸಕ್ಕೆ ಬಳಸುವ ಕಂಪ್ಯೂಟರ್ ಭಾಷೆಗಳು):

‘ಮೇಡಂ, ನೀವು ಓದಿದ ವಿಭಾಗದಲ್ಲೇ ಈಗ ಎರಡನೇ ವರ್ಷದಲ್ಲಿದ್ದೇನೆ. ಮೊದಲ ಕೆಲಸದಲ್ಲಿ ನಿಮಗೆ ಆರ್ ಜಾಸ್ತಿ ಬೇಕಾಯಿತೇ, ಎಸ್‌ಕ್ಯೂಎಲ್ಲೇ? ಉಳಿದ 4 ತಿಂಗಳಲ್ಲಿ ಒಂದನ್ನು ಗಟ್ಟಿ ಮಾಡಿಕೊಳ್ಳಬೇಕಿದೆ.’

ನೌಕರಿಯ ಮಾತೇ ಇಲ್ಲ, ನೋಡಿ. ಎರಡು ನಿಮಿಷದಲ್ಲಿ ಉತ್ತರಿಸಬಹುದಾದ ಪ್ರಶ್ನೆ. ಧಾರವಾಡ ಬಿಟ್ಟು ಹತ್ತು ವರ್ಷವಾದವರಿಗೆ ವಿಭಾಗದ ನೆನಪೂ ಬರುತ್ತದೆ. ಉತ್ತರ ಬಂದರೆ ಥ್ಯಾಂಕ್ಸ್ ಹೇಳಿ ಸುಮ್ನೆ ಆಗಬೇಡಿ. ಅವರು ಹೇಳಿದ್ದನ್ನು ಕಲಿತು, ತಿಂಗಳ ಮೇಲೆ ‘ಇಷ್ಟು ಮಾಡಿದೆ’ ಎಂದು ತಿಳಿಸಿ. ಬಹುತೇಕರು ಅದನ್ನು ಮಾಡುವುದಿಲ್ಲ. ನಮ್ಮ ಕಚೇರಿಗೆ ಸಲಹೆ ಕೇಳಿ ಬರೆದವರಲ್ಲಿ ಮತ್ತೆ ಬರೆದವರು ಇಬ್ಬರೋ ಮೂವರೋ. ಅವರ ಹೆಸರು ಮಾತ್ರ ನನಗೆ ಈಗಲೂ ನೆನಪಿದೆ.

ಒಂದು ಎಚ್ಚರಿಕೆ. ‘ಆಯ್ಕೆಯಾಗಿದ್ದೀರಿ, ರಿಜಿಸ್ಟ್ರೇಶನ್‌ಗೆ ದುಡ್ಡು ಕಟ್ಟಿ’ ಎಂದು ಬಂದರೆ ಅದು ಮೋಸ. ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

2024ರ ಮಾರ್ಚ್‌ನಲ್ಲಿ ದರ ಬಿದ್ದು ಬ್ಯಾಡಗಿ ಎಪಿಎಂಸಿಯಲ್ಲಿ ದೊಡ್ಡ ಗಲಾಟೆಯಾಯಿತಲ್ಲ, ಆ ತಿಂಗಳು ನಿಮ್ಮ ಗ್ರಾಫಿನಲ್ಲಿ ಇದೆಯೇ? ಇದ್ದರೆ ನಮಗೂ ಒಂದು ಪ್ರತಿ ಕಳಿಸಿ.