ಓದುಗರ ಪ್ರಶ್ನೆ, ನಮ್ಮ ಉತ್ತರ: ಬಚ್ಚಲ ನೀರಿನಲ್ಲಿ ಹರಿದುಹೋಗುವ ಪ್ಲಾಸ್ಟಿಕ್

ಪ್ರಶ್ನೆ: ನಮ್ಮ ಮನೆಯ ಬಚ್ಚಲ ನೀರು ನೇರವಾಗಿ ಬಾಳೆ ಮತ್ತು ಕಂಗಿನ ಬುಡಕ್ಕೆ ಹೋಗುತ್ತದೆ. ಮಗಳು ಮುಖಕ್ಕೆ ಹಚ್ಚುವ ಸ್ಕ್ರಬ್‌ನಲ್ಲಿ ನೀಲಿ ಬಣ್ಣದ ಸಣ್ಣ ಮಣಿಗಳಿವೆ. ಅವು ಪ್ಲಾಸ್ಟಿಕ್ ಆಗಿದ್ದರೆ ಮಣ್ಣಿನಲ್ಲಿ ಕರಗುತ್ತವೆಯೇ?
ಗೃಹಿಣಿ, ಬದಿಯಡ್ಕ

ಉತ್ತರ: ಪ್ಲಾಸ್ಟಿಕ್ಕೇ ಆಗಿದ್ದರೆ ಕರಗುವುದಿಲ್ಲ. ಹಾಲಿನ ತೊಟ್ಟೆಗೆ ಬಳಸುವ ಪಾಲಿಎಥಿಲೀನ್‌ನಿಂದಲೇ ಇಂತಹ ಮಣಿಗಳನ್ನು ಬಹುಕಾಲ ತಯಾರಿಸಲಾಗುತ್ತಿತ್ತು. ಅದು ಅಗ್ಗ, ಬೂಸ್ಟು ಹಿಡಿಯುವುದಿಲ್ಲ, ಉರುಟಾಗಿರುವುದರಿಂದ ಚರ್ಮವನ್ನು ಗೀರುವುದಿಲ್ಲ. ತಯಾರಕರಿಗೆ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಇಂತಹ ಸ್ಕ್ರಬ್ ಹಚ್ಚಿ ಒಂದು ಸಲ ಮುಖ ತೊಳೆದರೆ 4,594ರಿಂದ 94,500ರವರೆಗೆ ಕಣಗಳು ನೀರಿಗೆ ಸೇರಬಹುದು. ನಗರಗಳಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕಗಳು ಇವುಗಳಲ್ಲಿ ಹೆಚ್ಚಿನ ಪಾಲನ್ನು ತಡೆಯುತ್ತವೆ, ಆದರೆ ತಡೆದದ್ದು ಕೆಸರಿನಲ್ಲಿಯೇ ಉಳಿದಿರುತ್ತದೆ. ನಿಮ್ಮಲ್ಲಿ ಆ ಕೆಸರಿನ ಜಾಗದಲ್ಲಿ ಕಂಗಿನ ಬುಡದ ಮಣ್ಣಿದೆ, ಅಷ್ಟೇ ವ್ಯತ್ಯಾಸ. ಮಳೆಗಾಲ ಬಂತೆಂದರೆ ಅಲ್ಲಿಂದ ತೋಡಿಗೆ, ತೋಡಿನಿಂದ ಹೊಳೆಗೆ ಅವು ಸಾಗುವುದು ಕಷ್ಟವೇನಲ್ಲ.

ಆದರೆ ನೀಲಿ ಬಣ್ಣ ಕಂಡ ಮಾತ್ರಕ್ಕೆ ಪ್ಲಾಸ್ಟಿಕ್ ಎಂದು ತೀರ್ಮಾನಿಸಬೇಡಿ. ಈಗ ಮೇಣದ ಮತ್ತು ಸೆಲ್ಯುಲೋಸ್‌ನ ಮಣಿಗಳಿಗೂ ಅದೇ ಬಣ್ಣ ಹಾಕುತ್ತಾರೆ. ಮನೆಯಲ್ಲಿಯೇ ಒಂದು ಸ್ಥೂಲ ಪರೀಕ್ಷೆ ಮಾಡಬಹುದು. ಒಂದು ಚಮಚ ಸ್ಕ್ರಬ್ಬನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ, ಉಳಿದ ಕಣಗಳನ್ನು ಇನ್ನೊಂದು ಲೋಟ ನೀರಿಗೆ ಹಾಕಿ. ಸಕ್ಕರೆ ಅಥವಾ ಉಪ್ಪಿನ ಹರಳಾಗಿದ್ದರೆ ಆ ಹೊತ್ತಿಗೆ ಕರಗಿ ಹೋಗಿರುತ್ತದೆ. ಅಕ್ರೋಟಿನ ಸಿಪ್ಪೆಯ ಪುಡಿ ನೆನೆದ ಮೇಲೆ ತಳ ಸೇರುತ್ತದೆ. ತೇಲುವ ಮಣಿಗಳು ಪಾಲಿಎಥಿಲೀನ್ ಇರಬಹುದು, ಮೇಣವೂ ಇರಬಹುದು. ಅವುಗಳ ಮೇಲೆ ಕುದಿಯುವ ನೀರು ಹೊಯ್ದು ನೋಡಿ: ಮೇಣವಾದರೆ ಕರಗಿ ಎಣ್ಣೆಯ ಹಾಗೆ ಮೇಲೆ ಹರಡುತ್ತದೆ, ಪಾಲಿಎಥಿಲೀನ್ ಸಾಮಾನ್ಯವಾಗಿ ಮಣಿಯಾಗಿಯೇ ಉಳಿಯುತ್ತದೆ, ಏಕೆಂದರೆ ಅದು ಕರಗಲು ನೀರಿನ ಕುದಿಬಿಂದುವಿಗಿಂತ ಹೆಚ್ಚಿನ ಶಾಖ ಬೇಕು.

ಪ್ರಶ್ನೆ: ಟ್ಯೂಬಿನ ಮೇಲೆ ‘ಜೈವಿಕವಾಗಿ ವಿಘಟನೆಯಾಗುವ ಕಣಗಳು’ ಎಂದು ಬರೆದಿದ್ದರೆ ನಂಬಬಹುದೇ? ನಿಜವಾದ ಪರ್ಯಾಯಗಳು ಯಾವುವು?
ಕಾಲೇಜು ವಿದ್ಯಾರ್ಥಿ, ಕುಂಬಳೆ

ಉತ್ತರ: ಆ ಮಾತು ಎಲ್ಲಿ, ಎಷ್ಟು ದಿನಗಳಲ್ಲಿ ಎಂಬ ಎರಡು ವಿವರಗಳಿಲ್ಲದೆ ಅಪೂರ್ಣ. ಉದಾಹರಣೆಗೆ, ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯಿಂದ ತಯಾರಾಗುವ ಪಾಲಿಲ್ಯಾಕ್ಟಿಕ್ ಆಮ್ಲವೆಂಬ ಪ್ಲಾಸ್ಟಿಕ್ಕನ್ನು ತೆಗೆದುಕೊಳ್ಳಿ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ತೇವವನ್ನು ವಾರಗಟ್ಟಲೆ ಕಾಯ್ದುಕೊಳ್ಳುವ ಕೈಗಾರಿಕಾ ಕಾಂಪೋಸ್ಟ್ ಘಟಕದಲ್ಲಿ ಅದು ಚೆನ್ನಾಗಿ ವಿಘಟನೆಯಾಗುತ್ತದೆ. ಅದೇ ವಸ್ತು ಮೊಗ್ರಾಲಿನ ಅಳಿವೆಗೋ ನಿಮ್ಮ ಹಿತ್ತಿಲಿನ ಮಣ್ಣಿಗೋ ಬಿದ್ದರೆ ವರ್ಷಗಳ ಕಾಲ ಹಾಗೆಯೇ ಇರಬಹುದು. ಬಚ್ಚಲಿನಿಂದ ಹರಿದುಹೋಗುವ ಕಣವನ್ನು ಹೆಕ್ಕಿ ಕಾಂಪೋಸ್ಟ್ ಘಟಕಕ್ಕೆ ಕಳುಹಿಸುವವರು ಯಾರೂ ಇಲ್ಲ. ಆದ್ದರಿಂದ ಸಸ್ಯಮೂಲದ್ದು ಎಂಬ ಒಂದೇ ಕಾರಣಕ್ಕೆ ಇದನ್ನು ಪರ್ಯಾಯವೆಂದು ಮಾರುವುದು ನನ್ನ ದೃಷ್ಟಿಯಲ್ಲಿ ಅರೆಸತ್ಯ.

ಪಾಲಿಹೈಡ್ರಾಕ್ಸಿ ಆಲ್ಕನೋಯೇಟ್‌ಗಳೆಂಬ ಪಾಲಿಎಸ್ಟರುಗಳ ವಿಷಯ ಬೇರೆ. ನಮ್ಮ ದೇಹ ಕೊಬ್ಬನ್ನು ಕೂಡಿಡುವಂತೆ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಕೋಶದೊಳಗೆ ಈ ಪಾಲಿಎಸ್ಟರನ್ನು ಕೂಡಿಡುತ್ತವೆ. ಫ್ರಾನ್ಸಿನ ಮಾರಿಸ್ ಲೆಮ್ವಾನ್ಯ್ 1926ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ಸೂಕ್ಷ್ಮಜೀವಿಗಳೇ ಕಟ್ಟಿದ್ದನ್ನು ಒಡೆಯುವ ಕಿಣ್ವಗಳು ಮಣ್ಣಿನಲ್ಲಿಯೂ ಸಮುದ್ರದಲ್ಲಿಯೂ ಇರುವುದರಿಂದ ವಿಶೇಷ ಶಾಖವಿಲ್ಲದೆಯೇ ಇದು ಒಡೆಯುತ್ತದೆ. ತೊಡಕಿರುವುದು ಬೆಲೆಯಲ್ಲಿ. ಸೆಲ್ಯುಲೋಸ್‌ನ ಮಣಿಗಳೂ ಇದೇ ತತ್ತ್ವದವು: ತೋಟದಲ್ಲಿ ಬಿದ್ದ ಕಂಗಿನ ಹಾಳೆ ಒಂದೆರಡು ಮಳೆಗಾಲದಲ್ಲಿ ಮಣ್ಣಾಗುವುದನ್ನು ನೀವು ಕಂಡಿದ್ದೀರಿ, ಅಲ್ಲಿ ಕೆಲಸ ಮಾಡುವ ಶಿಲೀಂಧ್ರಗಳಿಗೆ ಈ ಮಣಿ ಹೊಸ ಆಹಾರವೇನಲ್ಲ. ಆದರೆ ಸೆಲ್ಯುಲೋಸ್ ಅಸಿಟೇಟ್ ಎಂದಿದ್ದರೆ ಅದು ರಾಸಾಯನಿಕವಾಗಿ ಮಾರ್ಪಟ್ಟದ್ದು, ಒಡೆಯುವುದು ಬಹಳ ನಿಧಾನ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ಸಂಶೋಧಕರು 2024ರ ಡಿಸೆಂಬರಿನಲ್ಲಿ ಇನ್ನೊಂದು ದಾರಿಯನ್ನು ತೋರಿಸಿದರು. ಅವರ ಪಾಲಿಮರ್ (ಸಣ್ಣ ಅಣುಗಳು ಸರಪಳಿಯಂತೆ ಸೇರಿ ಆದ ವಸ್ತು) ಪಾಲಿಬೀಟಾ-ಅಮೈನೊ ಎಸ್ಟರ್ ಎಂಬ ಗುಂಪಿನದು, ಒಡೆದಾಗ ಸಕ್ಕರೆ ಮತ್ತು ಅಮೈನೊ ಆಮ್ಲಗಳಾಗುತ್ತದೆ. ಅದರ ಕಣಗಳನ್ನು ಸಾಬೂನಿನೊಂದಿಗೆ ಬೆರೆಸಿ ಅಳಿಸಲಾಗದ ಮಾರ್ಕರಿನ ಶಾಯಿ ಮತ್ತು ನೀರು ತಾಗದ ಐಲೈನರನ್ನು ಉಜ್ಜಿದಾಗ, ಬರಿಯ ಸಾಬೂನಿಗಿಂತ ಚೆನ್ನಾಗಿ ತೆಗೆದವು. ಇದು ಪ್ರಯೋಗಾಲಯದ ಫಲಿತಾಂಶ, ಅಂಗಡಿಯಲ್ಲಿ ಹುಡುಕಬೇಡಿ.

ಹಾಗಾದರೆ ಲೇಬಲ್ಲಿನಲ್ಲಿ ಏನನ್ನು ನೋಡಬೇಕು? ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಎಂಬ ಅಂತಾರಾಷ್ಟ್ರೀಯ ಒಕ್ಕೂಟದ (ಒಇಸಿಡಿ) 301ನೆಯ ಸರಣಿಯ ಪರೀಕ್ಷೆಯ ಉಲ್ಲೇಖವಿದ್ದರೆ ಅದಕ್ಕೆ ತೂಕವಿದೆ. ಅದರ ಸಾಮಾನ್ಯ ಮಾನದಂಡದಂತೆ ವಸ್ತುವು 28 ದಿನಗಳೊಳಗೆ ಕನಿಷ್ಠ 60 ಶೇಕಡಾ ವಿಘಟನೆಯಾಗಬೇಕು. ಯುರೋಪಿನ ಒಕ್ಕೂಟವು 2023ರಲ್ಲಿ ಹೊರಡಿಸಿದ ನಿರ್ಬಂಧವೂ ನಿಗದಿತ ಪರೀಕ್ಷೆಗಳಲ್ಲಿ ವಿಘಟನೆಯನ್ನು ಸಾಬೀತುಪಡಿಸಿದ ಪಾಲಿಮರುಗಳಿಗೆ ವಿನಾಯಿತಿ ಕೊಟ್ಟಿದೆ. ಚರ್ಮ ಉಜ್ಜಲೆಂದು ಹಾಕುವ ಪ್ಲಾಸ್ಟಿಕ್ ಮಣಿಗಳನ್ನು ಅದು 2023ರಲ್ಲಿಯೇ ನಿಷೇಧಿಸಿತು. ಉಳಿದ ಪ್ಲಾಸ್ಟಿಕ್ ಕಣಗಳನ್ನು ತೊಳೆದುಬಿಡುವ ಉತ್ಪನ್ನಗಳಲ್ಲಿ 2027ರವರೆಗೆ, ಹಚ್ಚಿಬಿಡುವ ಕ್ರೀಮುಗಳಲ್ಲಿ 2029ರವರೆಗೆ, ತುಟಿ, ಉಗುರು ಮತ್ತು ಮುಖದ ಬಣ್ಣಗಳಲ್ಲಿ 2035ರವರೆಗೆ ಮಾತ್ರ ಅದು ಸಹಿಸುತ್ತದೆ.

ಪ್ರಶ್ನೆ: ನನ್ನ ಕ್ರೀಮಿನಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಇದೆ. ಇದೂ ಮೈಕ್ರೋಪ್ಲಾಸ್ಟಿಕ್, ಅಂದರೆ ಸೂಕ್ಷ್ಮ ಪ್ಲಾಸ್ಟಿಕ್ ಕಣ, ಅಲ್ಲವೇ?
ಓದುಗರು, ಮಂಜೇಶ್ವರ

ಉತ್ತರ: ಅಲ್ಲ. ಹೆಸರು ಹತ್ತಿರ, ಗುಣ ದೂರ. ಅದು ನೀರಿನಲ್ಲಿ ಕರಗುತ್ತದೆ, ಕಣವಾಗಿ ಉಳಿಯುವುದಿಲ್ಲ. ಪಾಲಿಎಥಿಲೀನ್, ನೈಲಾನ್-12, ಪಾಲಿಮಿಥೈಲ್ ಮೆಥಾಕ್ರಿಲೇಟ್ ಎಂಬ ಹೆಸರುಗಳ ಮುಂದೆ ನಿಂತು ಯೋಚಿಸಿ.

ಪ್ರಶ್ನೆ: ನಮ್ಮ ಕುಟುಂಬಶ್ರೀ ಘಟಕದವರು ತೆಂಗಿನ ಗೆರಟೆಯ ಪುಡಿಯಿಂದ ಸ್ಕ್ರಬ್ ತಯಾರಿಸಿ ಮಾರಬೇಕೆಂದಿದ್ದೇವೆ. ಗೆರಟೆ ನಮ್ಮಲ್ಲಿ ಧಾರಾಳ ಇದೆ. ಸಲಹೆ ಕೊಡಿ.
ಸದಸ್ಯೆಯರು, ಮುಳ್ಳೇರಿಯ

ಉತ್ತರ: ಯೋಚನೆ ಒಳ್ಳೆಯದೇ, ಎರಡು ಎಚ್ಚರಿಕೆ ಬೇಕು. ಗೆರಟೆಯನ್ನು ಕುಟ್ಟಿದಾಗ ಅದು ಉರುಟಾಗುವುದಿಲ್ಲ, ಚೂಪು ಅಂಚುಗಳ ಚೂರಾಗುತ್ತದೆ. ಒಂದು ಚಿಟಿಕೆ ಪುಡಿಯನ್ನು ಮೊಣಕೈಯ ಒಳಭಾಗದಲ್ಲಿ ಉಜ್ಜಿದರೆ ಉರಿಯುವುದು ಅನುಭವಕ್ಕೆ ಬರುತ್ತದೆ. ಆದ್ದರಿಂದ ಬಹಳ ನಯವಾಗಿ ಅರೆದು, ತೆಳು ಬಟ್ಟೆಯಲ್ಲಿ ಜಾಲಿಸಿ, ಮುಖಕ್ಕಲ್ಲದೆ ಹಿಮ್ಮಡಿ ಮತ್ತು ಮೊಣಕೈಗೆಂದು ಮಾರುವುದು ಮೇಲು. ಮುಖಕ್ಕಾದರೆ ಹೆಸರುಹಿಟ್ಟು ಸಾಕು. ಎರಡನೆಯದಾಗಿ, ಸಸ್ಯದ ಪುಡಿಯನ್ನು ನೀರಿನ ಅಂಶವಿರುವ ಕ್ರೀಮಿಗೆ ಬೆರೆಸಿದರೆ ಬೂಸ್ಟು ಬರುವುದು ಖಂಡಿತ. ಒಣ ಪುಡಿಯಾಗಿಯೇ ಪೊಟ್ಟಣ ಕಟ್ಟಿದರೆ ಆ ತಲೆನೋವು ಬಹುಮಟ್ಟಿಗೆ ತಪ್ಪುತ್ತದೆ. ಮಾರಾಟಕ್ಕೆಂದು ತಯಾರಿಸುವುದಾದರೆ 2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಪಡೆಯಬೇಕು, ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಶಾಲೆಯ ಮಕ್ಕಳ ಯಕ್ಷಗಾನಕ್ಕೆ ಮುಖವರ್ಣಿಕೆಯ ಮೇಲೆ ಗ್ಲಿಟರ್ ಹಚ್ಚುವ ಅಭ್ಯಾಸ ಈಚೆಗೆ ಬಂದಿದೆ. ಮಣ್ಣಲ್ಲಿ ಕರಗುವ ಗ್ಲಿಟರ್ ಸಿಗುತ್ತದಂತೆ. ಅಥವಾ ಹಳೆಯ ನೈಸರ್ಗಿಕ ಬಣ್ಣಗಳಿಗೇ ಮರಳಬೇಕೇ?
ಅಧ್ಯಾಪಕರು, ಪೆರ್ಲ

ಉತ್ತರ: ಸಾಮಾನ್ಯ ಗ್ಲಿಟರ್ ಎಂದರೆ ನೀರಿನ ಬಾಟಲಿಯ ಜಾತಿಯ ಪ್ಲಾಸ್ಟಿಕ್ ಹಾಳೆಗೆ ಅಲ್ಯೂಮಿನಿಯಂ ಲೇಪಿಸಿ ಕತ್ತರಿಸಿದ ಚೂರು. ಸೆಲ್ಯುಲೋಸ್ ಗ್ಲಿಟರಿನ ತಿರುಳು ಸಸ್ಯದ್ದಾದರೂ, ಹೊಳಪಿಗಾಗಿ ಅದರ ಮೇಲೂ ಅಲ್ಯೂಮಿನಿಯಂ ಮತ್ತು ತೆಳುವಾದ ಪ್ಲಾಸ್ಟಿಕ್ ಪದರ ಇರುವುದುಂಟು. ಇಂಗ್ಲೆಂಡಿನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದವರು 2020ರಲ್ಲಿ ಎರಡೂ ಬಗೆಗಳನ್ನು ಸಿಹಿನೀರಿನಲ್ಲಿ 36 ದಿನ ಇಟ್ಟು ನೋಡಿದಾಗ, ನೀರಿನ ಮೇಲೆ ತೇಲುವ ಸಣ್ಣ ಗಿಡಗಳ ಬೇರಿನ ಬೆಳವಣಿಗೆ ಎರಡರಿಂದಲೂ ಕುಂಠಿತವಾಗಿತ್ತು. ಹಾಗೆಂದು ಹಳೆಯ ಬಣ್ಣಗಳೆಲ್ಲ ನಿರಪಾಯಕಾರಿ ಎಂದು ಭಾವಿಸಬೇಡಿ: ಅರದಾಳ ಆರ್ಸೆನಿಕ್‌ನ ಸಲ್ಫೈಡ್, ಇಂಗಲೀಕ ಪಾದರಸದ ಸಲ್ಫೈಡ್. ಎರಡೂ ಅಪ್ಪಟ ನೈಸರ್ಗಿಕ ಖನಿಜಗಳು, ಎರಡೂ ಮಕ್ಕಳ ಮುಖಕ್ಕೆ ಸಲ್ಲದವು.

ಹೊಳಪು ಬೇಕೇ ಬೇಕೆಂದಾದರೆ ಸೌಂದರ್ಯವರ್ಧಕಕ್ಕೆಂದೇ ತಯಾರಾದ ಅಭ್ರಕದ ಪುಡಿಯನ್ನು ಕೇಳಿ ತನ್ನಿ. ಅದು ಕಲ್ಲಿನ ಜಾತಿಯದು, ಪ್ಲಾಸ್ಟಿಕ್ ಅಲ್ಲ. ಈಗಾಗಲೇ ಗ್ಲಿಟರ್ ಹಚ್ಚಿದ ಮಕ್ಕಳನ್ನು ನೇರವಾಗಿ ನಳ್ಳಿಯ ಕೆಳಗೆ ನಿಲ್ಲಿಸಬೇಡಿ. ವೇಷ ಕಳಚುವಾಗ ಕಲಾವಿದರು ಹೇಗೂ ಮುಖಕ್ಕೆ ತೆಂಗಿನೆಣ್ಣೆ ಹಚ್ಚುತ್ತಾರೆ. ಆ ಎಣ್ಣೆಯಲ್ಲಿಯೇ ಬಣ್ಣವನ್ನೂ ಗ್ಲಿಟರನ್ನೂ ಹಳೆಯ ಬಟ್ಟೆಯಿಂದ ಪೂರ್ತಿ ಒರೆಸಿ, ಬಟ್ಟೆಯನ್ನು ಒಗೆಯದೆ ಕಸದ ಬುಟ್ಟಿಗೆ ಹಾಕಿ, ಆಮೇಲೆ ಮುಖ ತೊಳೆಸಿ.