ವೈಫೈನಲ್ಲಿ ಒಂದೇ ಐಪಿ ವಿಳಾಸ ಎರಡು ಸಾಧನಗಳಿಗೆ ಬಂದರೆ ಪತ್ತೆ ಹಚ್ಚುವುದು ಹೇಗೆ?

ತೀರ್ಥಹಳ್ಳಿಯ ತಮ್ಮ ಹೋಂಸ್ಟೇಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಲ್ಯಾಪ್‌ಟಾಪಿನಲ್ಲಿ ಐಪಿ ವಿಳಾಸ ಸಂಘರ್ಷದ (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ ಎರಡಕ್ಕೆ ಒಂದೇ ಆಗಿರುವ) ಸೂಚನೆ ಬರುತ್ತದೆ ಎಂದಿದ್ದೀರಿ. ಆ ಕರೆಂಟಿನ ಮಾತೇ ಮುಖ್ಯ ಸುಳಿವು: ಮನೆಬಳಕೆಯ ಅನೇಕ ರೌಟರ್‌ಗಳು ಯಾರಿಗೆ ಯಾವ ವಿಳಾಸ ಕೊಟ್ಟೆವೆಂಬ ಪಟ್ಟಿಯನ್ನು ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುವುದರಿಂದ, ಮರಳಿ ಚಾಲೂ ಆದಾಗ, ಯುಪಿಎಸ್ ಬಲದಿಂದ ಆರದೇ ಉಳಿದ ಸಾಧನದ ವಿಳಾಸವನ್ನು ಇನ್ನೊಂದಕ್ಕೆ ಕೊಟ್ಟುಬಿಡಬಹುದು.

ಸಂಘರ್ಷದ ವಿಳಾಸ 192.168.1.20 ಎಂದಿಟ್ಟುಕೊಳ್ಳೋಣ. ಲ್ಯಾಪ್‌ಟಾಪನ್ನು ವೈಫೈನಿಂದ ಬಿಡಿಸಿ, ಬೇರೊಂದು ಕಂಪ್ಯೂಟರಿನಿಂದ ಆ ವಿಳಾಸಕ್ಕೆ ಪಿಂಗ್ ಮಾಡಿ (ಉತ್ತರ ಕೇಳುವ ಪುಟ್ಟ ಸಂದೇಶ ಕಳಿಸಿ), ಕೂಡಲೇ ಎಆರ್‌ಪಿ ಪಟ್ಟಿಯನ್ನು (ಯಾವ ಐಪಿ ವಿಳಾಸ ಯಾವ ಸಾಧನದ್ದೆಂದು ಕಂಪ್ಯೂಟರ್ ಇಟ್ಟುಕೊಳ್ಳುವ ಪಟ್ಟಿ) ತೆರೆದರೆ, ಪಿಂಗ್‌ಗೆ ಉತ್ತರ ಬಾರದಿದ್ದರೂ ಆ ಐಪಿಯನ್ನು ಹಿಡಿದು ಕೂತಿರುವ ಸಾಧನದ ಮ್ಯಾಕ್ ವಿಳಾಸ (ಅದರ ನೆಟ್‌ವರ್ಕ್ ಯಂತ್ರಾಂಶದ ಗುರುತು) ಸಾಮಾನ್ಯವಾಗಿ ಕಾಣಿಸುತ್ತದೆ. ಅದರ ಮೊದಲ ಆರು ಅಂಕಿ-ಅಕ್ಷರಗಳಿಂದ ತಯಾರಕರನ್ನು ತಿಳಿಯಬಹುದು. ಆದರೆ ಅವುಗಳಲ್ಲಿ ಎರಡನೆಯದು 2, 6, ಎ (A) ಅಥವಾ ಇ (E) ಆಗಿದ್ದರೆ ಅದು ಬಹುಶಃ ಅತಿಥಿಗಳ ಫೋನು ತಾನೇ ಸೃಷ್ಟಿಸಿಕೊಂಡ ವಿಳಾಸವಾದ್ದರಿಂದ ತಯಾರಕರನ್ನು ಹುಡುಕಿ ಫಲವಿಲ್ಲ.

ಹೆಚ್ಚಾಗಿ ಸಿಕ್ಕಿಬೀಳುವುದು ಯಾರೋ ಕೈಯಾರೆ ವಿಳಾಸ ಬರೆದಿಟ್ಟು ಮರೆತ ಪ್ರಿಂಟರ್ ಅಥವಾ ಸಿಸಿ ಕ್ಯಾಮೆರಾ. ಅದಕ್ಕೆ ರೌಟರಿನಲ್ಲೇ ವಿಳಾಸವನ್ನು ಕಾಯ್ದಿರಿಸಿ. ಅಡಿಕೆ ಒಣಗಿಸುವ ಅಂಗಳದವರೆಗೆ ಸಿಗ್ನಲ್ ಸಿಗಲೆಂದು ಹಳೆಯ ರೌಟರನ್ನು ಸೇರಿಸಿದ್ದರೆ ಅದರ ಡಿಎಚ್‌ಸಿಪಿಯನ್ನು (ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ನಿಲ್ಲಿಸಿ, ಅದರ ಸ್ವಂತ ವಿಳಾಸವೂ ಮುಖ್ಯ ರೌಟರಿನಂತೆಯೇ 192.168.1.1 ಆಗಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.