ಕೃತಜ್ಞತೆಗೆ ಹೋಲಿಕೆ ಬೇಕೆ?

ಪ್ರಶ್ನೆ: ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಕುಳಿತು, ‘ದೇವರೇ, ಎಷ್ಟೋ ಜನರಿಗೆ ಇಲ್ಲದ ಅನ್ನ, ಬಟ್ಟೆ, ಸೂರನ್ನು ನಮಗೆ ಕೊಟ್ಟಿದ್ದೀಯೆ, ನಿನಗೆ ಧನ್ಯವಾದ’ ಎಂದು ಹೇಳುವುದು ನಮ್ಮಲ್ಲಿ ರೂಢಿ. ‘ಬೇರೆಯವರಿಗೆ ಇಲ್ಲ ಅಂತ ನಾವು ಯಾಕೆ ಖುಷಿಪಡಬೇಕು?’ ಎನ್ನುತ್ತಾಳೆ ಎಂಟನೆಯ ತರಗತಿಯ ಮಗಳು. ಭಾವ ಶುದ್ಧವಾಗಿದ್ದರೆ ಮಾತು ಹೇಗಿದ್ದರೇನು ಎಂಬುದು ನನ್ನ ಅಭಿಪ್ರಾಯ. ಯಾರದು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳ ಆಕ್ಷೇಪಣೆಯಲ್ಲಿ ಹುರುಳಿದೆ. ಸಂಕಟದಲ್ಲೋ ಸಂತೋಷದಲ್ಲೋ ತಾನಾಗಿ ಹೊಮ್ಮುವ ಪ್ರಾರ್ಥನೆಗೆ ನಿಮ್ಮ ವಾದ ಒಪ್ಪಬಹುದು. ಆದರೆ ಮಕ್ಕಳ ಬಾಯಲ್ಲಿ ನಿತ್ಯ ಹೇಳಿಸುವ ಪ್ರಾರ್ಥನೆಯಲ್ಲಿ ಮಾತೇ ಭಾವವನ್ನು ಪಳಗಿಸುತ್ತದೆ.

ಬೈಬಲಿನ ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯೊಂದಿದೆ. ದೇವಾಲಯಕ್ಕೆ ಹೋದ ಫರಿಸಾಯನೊಬ್ಬ (ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಥದವನು), ತಾನು ಸುಲಿಗೆಗಾರರಂತೆ, ಅನ್ಯಾಯಗಾರರಂತೆ, ಕಡೆಗೆ ಅಲ್ಲೇ ದೂರದಲ್ಲಿ ನಿಂತಿದ್ದ, ಜನ ಪಾಪಿಯೆಂದು ಹೀಗಳೆಯುತ್ತಿದ್ದ ಸುಂಕದವನಂತೆಯೂ ಅಲ್ಲವೆಂದು ದೇವರಿಗೆ ಸ್ತೋತ್ರ ಸಲ್ಲಿಸಿ, ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತನೆಯ ಪಾಲು ಎಂದು ತನ್ನ ಲೆಕ್ಕವನ್ನೂ ಒಪ್ಪಿಸುತ್ತಾನೆ. ದೇವರ ಮಾತು ಮೊದಲಲ್ಲಿ ಬಂದುಹೋಗುತ್ತದೆ, ಮಿಕ್ಕದ್ದೆಲ್ಲ ‘ನಾನು’. ನೀತಿವಂತನೆನಿಸಿ ಮನೆಗೆ ಮರಳಿದವನು ಎದೆ ಬಡಿದುಕೊಂಡು ಕರುಣೆ ಬೇಡಿದ ಸುಂಕದವನೇ. ನಿಮ್ಮ ಪ್ರಾರ್ಥನೆಯಲ್ಲಿ ಆ ಫರಿಸಾಯನ ತಾತ್ಸಾರವಿಲ್ಲ, ನಿಜ. ಆದರೂ ದೇವರ ಕೊಡುಗೆಯನ್ನು ನೆರೆಯವನ ಕೊರತೆಯಿಂದ ಅಳೆಯುವ ಕ್ರಮ ಒಂದೇ.

ಜೇಡರ ದಾಸಿಮಯ್ಯನ ‘ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ’ ಎಂಬ ವಚನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಧನ್ಯವಾದವೆಂಬ ಮಾತೇ ಅಲ್ಲಿಲ್ಲ. ‘ನಿಮ್ಮ’ ಎಂಬುದು ಮಾತ್ರ ಮರಳಿ ಮರಳಿ ಬರುತ್ತದೆ. ನೆಲ, ಬೆಳೆ, ಬೀಸುವ ಗಾಳಿ ಎಂದು ಆತ ಎಣಿಸುವುದೆಲ್ಲ ಎಲ್ಲರಿಗೂ ಸಂದವು, ಆದ್ದರಿಂದ ‘ಅವರಿಗಿಲ್ಲ, ನನಗಿದೆ’ ಎನ್ನುವುದಕ್ಕೆ ಅಲ್ಲಿ ಎಡೆಯೇ ಇಲ್ಲ. (ದೇವರದನ್ನು ಉಂಡು ಅನ್ಯರನ್ನು ಹೊಗಳುವವರನ್ನು ಆತ ‘ಕುನ್ನಿಗಳು’ ಎಂದು ಜರೆಯುತ್ತಾನೆ; ಅಷ್ಟು ಖಾರ ನಿಮ್ಮ ಮನೆಯ ದೀಪದ ಹೊತ್ತಿಗೆ ಬೇಡ.)

ಊಟದ ಕೊನೆಯಲ್ಲಿ ನಮ್ಮ ಹಿರಿಯರು ಹೇಳುವ ‘ಅನ್ನದಾತಾ ಸುಖೀಭವ’ ಕೂಡ ಹೀಗೆಯೇ: ಉಂಡವನು ತನ್ನ ತೃಪ್ತಿಯನ್ನು ಬಣ್ಣಿಸದೆ, ಇಕ್ಕಿದವರು ಸುಖವಾಗಿರಲಿ ಎಂದು ಹರಸುತ್ತಾನೆ.

ಆದ್ದರಿಂದ ‘ಎಷ್ಟೋ ಜನರಿಗೆ ಇಲ್ಲದ’ ಎಂಬುದನ್ನು ತೆಗೆದುಬಿಡಿ. ಇಲ್ಲದವರ ನೆನಪು ಉಳಿಯಲೇಬೇಕೆಂದಿದ್ದರೆ, ‘ಈ ಅನ್ನ ನೀನು ಕೊಟ್ಟದ್ದು, ಬೆಳೆದವರೂ ಬೇಯಿಸಿದವರೂ ಚೆನ್ನಾಗಿರಲಿ, ಇಲ್ಲದವರಿಗೂ ಸಿಗಲಿ, ಅದಕ್ಕೆ ನಮ್ಮ ಕೈಯೂ ನೆರವಾಗಲಿ’ ಎಂದು ಬೇಡಿಕೆಯ ರೂಪದಲ್ಲಿ ಸೇರಿಸಬಹುದು. ಇದಕ್ಕಿಂತ ಒಳ್ಳೆಯ ಮಾತು ನಿಮ್ಮ ಮಗಳಿಗೆ ಹೊಳೆದರೆ ಅದನ್ನೇ ಹೇಳಿಕೊಳ್ಳಿ.